ನಿಂತಿದ್ದ ಕಾರು ಘಟ್ಟ ಇಳಿಯುವ ಮುನ್ನ

ಹಳೆಯ ಕಾರು ಮಾರುವವರ ಬಾಯಲ್ಲಿ ಸದಾ ಕೇಳಿಬರುವ ಮಾತೊಂದಿದೆ: ‘ಜಾಸ್ತಿ ಓಡೇ ಇಲ್ಲ ಸಾರ್, ಶೆಡ್ಡಲ್ಲೇ ಇತ್ತು.’ ಕೊಳ್ಳುವವರಿಗೆ ಇದು ಹಿತವಾಗಿ ಕೇಳಿಸುತ್ತದೆ. ಮೀಟರಿನಲ್ಲಿ ಕಡಿಮೆ ಕಿಲೊಮೀಟರ್, ಧೂಳು ಒರೆಸಿದರೆ ಮಿರುಗುವ ಬಂಪರ್, ಹರಿಯದ ಸೀಟು. ಆದರೆ ಆ ಕಾರಿನಲ್ಲಿ ಸಾವಿರ ಕಿಲೊಮೀಟರ್ ಸುತ್ತಿ ಬರಬೇಕೆಂದು ಮನಸ್ಸು ಮಾಡಿದವರು ಈ ಮಾತನ್ನು ಎಚ್ಚರಿಕೆಯೆಂದೇ ತಿಳಿಯಬೇಕು. ಓಡಿದ ಕಾರು ಸವೆಯುತ್ತದೆ, ನಿಂತ ಕಾರು ಕೊಳೆಯುತ್ತದೆ. ಸವೆದದ್ದು ಸದ್ದು ಮಾಡುತ್ತದೆ, ಕೈಗೆ ಸಿಗುತ್ತದೆ, ಮೊದಲೇ ಸುಳಿವು ಕೊಡುತ್ತದೆ. ನಿಂತಲ್ಲೇ ಆದ ಹಾನಿ ಹಾಗಲ್ಲ. ಬ್ರೇಕ್ ಆಯಿಲಿಗೆ ಸೇರಿಕೊಂಡ ನೀರು, ಒಳಗಿನಿಂದ ಊದಿಕೊಂಡ ರಬ್ಬರ್ ಪೈಪು, ಪೆಟ್ರೋಲ್ ಟ್ಯಾಂಕಿನ ತಳದಲ್ಲಿ ಕೂತ ತುಕ್ಕು ಇವೆಲ್ಲ ಬಡಾವಣೆಯಲ್ಲಿ ಎರಡು ಸುತ್ತು ಹಾಕಿದರೆ ಗೊತ್ತಾಗುವುದಿಲ್ಲ. ಘಟ್ಟದ ನಡುವೆ ಗೊತ್ತಾಗುತ್ತವೆ.

ನಾನು ಕೊಂಡದ್ದು 1974ರ ಪ್ರೀಮಿಯರ್ ಪದ್ಮಿನಿ. ಮೈಸೂರಿನ ಹಳೆಯ ಮನೆಯೊಂದರ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿತ್ತು. ಈ ಕಾರಿನ ಹಿಂದೆ ನಮಗೆ ಸಂಬಂಧಪಟ್ಟ ಕತೆಯೂ ಒಂದಿದೆ. ದೇಶದಲ್ಲೇ ಮೋಟಾರು ತಯಾರಾಗಬೇಕೆಂದು 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಪಟ್ಟುಹಿಡಿದು ಓಡಾಡಿದಾಗ ಅವರ ಜೊತೆ ನಿಂತ ಉದ್ಯಮಿ ಸೊಲ್ಲಾಪುರದ ವಾಲಚಂದ್ ಹೀರಾಚಂದ್. 1940ರಲ್ಲಿ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಆರಂಭಿಸಿದವರೂ ಅವರೇ. 1944ರಲ್ಲಿ ಅವರು ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್, ಇಟಲಿಯ ಫಿಯೆಟ್ ಕಂಪನಿಯ ಪರವಾನಗಿ ಪಡೆದು ಮುಂಬೈಯ ಕುರ್ಲಾದಲ್ಲಿ 1964ರಿಂದ ‘1100 ಡಿಲೈಟ್’ ತಯಾರಿಸತೊಡಗಿತು. ಎಪ್ಪತ್ತರ ದಶಕದ ಆರಂಭದಲ್ಲಿ ಅದೇ ಕಾರು ‘ಪ್ರೆಸಿಡೆಂಟ್’ ಆಯಿತು, ಬಳಿಕ ‘ಪದ್ಮಿನಿ’ ಆಯಿತು. 1089 ಸಿ.ಸಿ.ಯ ನಾಲ್ಕು ಸಿಲಿಂಡರ್ ಇಂಜಿನ್, ನಲವತ್ತರ ಆಸುಪಾಸಿನ ಅಶ್ವಶಕ್ತಿ, ಸ್ಟೇರಿಂಗ್ ಪಕ್ಕದಲ್ಲಿ ಹ್ಯಾಂಡ್ ಗೇರು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಇಡೀ ಕಾರಿನಲ್ಲಿ ಒಂದೇ ಒಂದು ಕಂಪ್ಯೂಟರ್ ಚಿಪ್ ಇಲ್ಲ. ಏನು ಕೆಟ್ಟರೂ ಕಣ್ಣಿಗೆ ಕಾಣುವಂಥದ್ದೇ ಕೆಡುತ್ತದೆ. ಇದನ್ನೇ ನೆಚ್ಚಿ ದೂರದ ಊರಿಗೆ ಹೊರಡುವ ಧೈರ್ಯ ಮಾಡಬಹುದು.

ಹಾಕಿಕೊಂಡ ದಾರಿ ಇದು: ಬೆಂಗಳೂರಿನಿಂದ ಹಾಸನ, ಸಕಲೇಶಪುರ, ಶಿರಾಡಿ ಘಟ್ಟ ಇಳಿದು ಮಂಗಳೂರು. ಅಲ್ಲಿಂದ ಕಡಲ ಪಕ್ಕದ ಹೆದ್ದಾರಿ 66ರಲ್ಲಿ ಉಡುಪಿ, ಕುಂದಾಪುರ, ಭಟ್ಕಳ, ಹೊನ್ನಾವರ, ಕುಮಟಾ, ಅಂಕೋಲಾ. ವಾಪಸು ಅರಬೈಲು ಘಟ್ಟ ಹತ್ತಿ ಯಲ್ಲಾಪುರ, ಹುಬ್ಬಳ್ಳಿ, ಚಿತ್ರದುರ್ಗ, ತುಮಕೂರು. ಒಂದು ಘಟ್ಟ ಇಳಿಯಬೇಕು, ಒಂದು ಹತ್ತಬೇಕು, ನಡುವೆ ಕರಾವಳಿಯ ಸೆಕೆ, ಕೊನೆಗೆ ಬಯಲುಸೀಮೆಯ ಉದ್ದನೆಯ ನೇರ ರಸ್ತೆ. ಹಳೆಯ ಕಾರೊಂದರ ಪ್ರತಿ ಅಂಗವನ್ನೂ ಕೇಳಿ ನೋಡುವ ದಾರಿ.

ಕಾಗದಪತ್ರ

ಕಾರು ಮನೆಗೆ ತರುವ ಮೊದಲೇ ಆಗಬೇಕಾದ ಕೆಲಸ ಇದು. ಆರ್‌ಸಿಯಲ್ಲಿರುವ ಚಾಸಿ ನಂಬರು, ಇಂಜಿನ್ ನಂಬರು ಕಾರಿನ ಮೈಮೇಲೆ ಕೊರೆದದ್ದಕ್ಕೆ ಅಕ್ಷರಶಃ ಹೊಂದಬೇಕು. ಐವತ್ತು ವರ್ಷದಲ್ಲಿ ಎಲ್ಲೋ ಒಮ್ಮೆ ಇಂಜಿನ್ ಬದಲಾಗಿದ್ದು ದಾಖಲೆಯಲ್ಲಿ ಬದಲಾಗದೇ ಉಳಿದಿದ್ದರೆ ವರ್ಗಾವಣೆಯ ದಿನ ಆರ್‌ಟಿಒ ಕಚೇರಿಯಲ್ಲಿ ಕೆಲಸ ನಿಲ್ಲುತ್ತದೆ. ‘ಎಂವೈ’ ಅಥವಾ ‘ಸಿಎ’ ಎಂದು ಶುರುವಾಗುವ ಹಳೆಯ ನಂಬರಿನ ಗಾಡಿಗಳಿಗಂತೂ ಕೈಬರಹದ ಆರ್‌ಸಿ ಪುಸ್ತಕ ಆನ್‌ಲೈನ್ ದಾಖಲೆಗೆ ಏರಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಖಾಸಗಿ ಕಾರಿನ ಮೊದಲ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಿ ನವೀಕರಿಸುತ್ತ ಹೋಗಬೇಕು. ಶೆಡ್ಡಿನಲ್ಲಿ ನಿಂತ ಕಾರುಗಳ ನವೀಕರಣ ಬಹುಪಾಲು ತಪ್ಪಿಯೇ ಇರುತ್ತದೆ.

ಇಲ್ಲಿ ಒಂದು ಕವಲು ದಾರಿ ಎದುರಾಗುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಯನ್ನು ಆ ವರ್ಗದಲ್ಲಿ ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ, ‘ವಿಎ’ ಅಕ್ಷರಗಳಿರುವ ವಿಶೇಷ ನಂಬರು. ಗೌರವದ ವಿಷಯವೇ. ಆದರೆ ಆ ವರ್ಗಕ್ಕೆ ಸೇರಿದ ಗಾಡಿ ರಸ್ತೆಗೆ ಇಳಿಯಬಹುದಾದ್ದು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ರಿಪೇರಿ, ಇಂಧನ ತುಂಬಿಸುವುದು ಇಂಥ ಕಾರಣಕ್ಕೆ ಮಾತ್ರ. ಮನಸ್ಸು ಬಂದಾಗ ಹೊನ್ನಾವರಕ್ಕೆ ಹೊರಡುವಂತಿಲ್ಲ. ಓಡಿಸಬೇಕೆಂದು ಕೊಂಡವರು ಹಳೆಯ ನೋಂದಣಿಯನ್ನೇ ನವೀಕರಿಸಿಕೊಳ್ಳುವುದು ಲೇಸು. ಐವತ್ತು ತುಂಬಿದ ನನ್ನ ಕಾರಿಗೂ ನಾನು ಅದನ್ನೇ ಮಾಡಿದ್ದೇನೆ. ವಿಮೆ, ಹೊಗೆ ತಪಾಸಣೆಯ ಚೀಟಿ ಎಲ್ಲರಿಗೂ ಗೊತ್ತಿರುವುದೇ.

ಮೊದಲು ನಿಲ್ಲಲಿ

ಹಳೆಯ ಕಾರು ಬಂದ ಕೂಡಲೇ ಎಲ್ಲರ ಕೈ ಬಾನೆಟ್ಟಿಗೆ ಹೋಗುತ್ತದೆ. ಇಂಜಿನ್ ಒಮ್ಮೆ ಗುಡುಗಿದರೆ ಮನೆಮಂದಿಯೆಲ್ಲ ಚಪ್ಪಾಳೆ ಹೊಡೆಯುತ್ತಾರೆ. ಶಿವಾಜಿನಗರದ ಕಡೆ ಫಿಯೆಟ್ಟುಗಳ ನಡುವೆಯೇ ತಲೆ ನರೆತ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದಾರೆ. ‘ಭಾಯ್, ಒಂದ್ಸಲ ಸ್ಟಾರ್ಟ್ ಮಾಡಿ ನೋಡೋಣ್ವಾ?’ ಎಂದು ಕೇಳಿದೆ. ಅವರು ಬಾನೆಟ್ಟಿನ ಕಡೆ ತಿರುಗಲೇ ಇಲ್ಲ. ‘ಓಡ್ಸೋದು ದೊಡ್ಡ ವಿಷ್ಯ ಅಲ್ಲ ಸಾರ್. ನಿಲ್ಸೋದು ಮೊದ್ಲು ನೋಡಣ’ ಎನ್ನುತ್ತ ಹಿಂದಿನ ಚಕ್ರದಡಿ ಜಾಕ್ ಇಟ್ಟರು. ಇಡೀ ತಯಾರಿಯ ಕ್ರಮ ಅಲ್ಲಿಗೆ ತೀರ್ಮಾನವಾಯಿತು. ಮೊದಲು ಬ್ರೇಕು, ಆಮೇಲೆ ಸ್ಟೇರಿಂಗ್ ಮತ್ತು ಟೈರು, ಆಮೇಲೆ ಪೆಟ್ರೋಲ್, ನೀರು, ಕರೆಂಟು. ಇಂಜಿನ್‌ನ ಸೊಗಸು ಕಟ್ಟಕಡೆಗೆ.

ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಕಾರು, ಒಳಗಿನ ಜನ, ಸಾಮಾನು ಸೇರಿ 1200 ಕಿಲೊ ಎಂದಿಟ್ಟುಕೊಂಡರೆ, ಅಷ್ಟು ಭಾರ ಅಷ್ಟು ಎತ್ತರದಿಂದ ಕೆಳಗಿಳಿಯುವಾಗ ಬಿಟ್ಟುಕೊಡುವ ಶಕ್ತಿ 30 ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ಅದರಲ್ಲಿ ಒಂದಿಷ್ಟನ್ನು ಗಾಳಿ ಎಳೆದುಕೊಳ್ಳುತ್ತದೆ, ಗೇರಿನಲ್ಲಿದ್ದರೆ ಇಂಜಿನ್ ಸಾಕಷ್ಟನ್ನು ಹಿಡಿಯುತ್ತದೆ. ಉಳಿದದ್ದೆಲ್ಲ ನಾಲ್ಕು ಡ್ರಮ್ಮುಗಳೊಳಗೆ ಬಿಸಿಯಾಗಿ ಸೇರಬೇಕು. ಡಿಸ್ಕ್ ಬ್ರೇಕಿಗೆ ಗಾಳಿ ನೇರವಾಗಿ ತಾಗುತ್ತದೆ. ಡ್ರಮ್ ಮುಚ್ಚಿದ ಡಬ್ಬಿ. ಬಿಸಿಯಾದಷ್ಟೂ ಡ್ರಮ್ ಹಿಗ್ಗಿ ಶೂನಿಂದ ದೂರ ಸರಿಯುತ್ತದೆ, ಪೆಡಲ್ ಇನ್ನಷ್ಟು ಕೆಳಗೆ ಹೋಗುತ್ತದೆ, ಲೈನರ್ ಹಿಡಿತ ಕಳೆದುಕೊಳ್ಳುತ್ತದೆ.

ಇದಕ್ಕಿಂತ ಅಪಾಯದ್ದು ಬ್ರೇಕ್ ಆಯಿಲ್. ಡಾಟ್ 3 ಆಯಿಲ್ ಹೊಸದಿದ್ದಾಗ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ಆದರೆ ಅದು ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ತೇವ ಕುಡಿದ ಆಯಿಲಿಗೆ ನಿಯಮ ಕೇಳುವ ಕನಿಷ್ಠ ಕುದಿಬಿಂದು ಬರೀ 140 ಡಿಗ್ರಿ. ವರ್ಷಗಟ್ಟಲೆ ನಿಂತ ಕಾರಿನ ಆಯಿಲ್ ಅದಕ್ಕಿಂತಲೂ ಕೆಟ್ಟಿರಬಹುದು. ಅದು ಘಟ್ಟದಲ್ಲಿ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಒತ್ತಿದರೆ ಒತ್ತಡ ಚಕ್ರಕ್ಕೆ ಮುಟ್ಟುತ್ತದೆ, ಆವಿಯನ್ನು ಒತ್ತಿದರೆ ಆವಿಯೇ ಕುಗ್ಗುತ್ತದೆ. ಪೆಡಲ್ ನೆಲಕ್ಕೆ ಹೋಗಿ ಕೂರುತ್ತದೆ, ಕಾರು ನಿಲ್ಲುವುದಿಲ್ಲ. ಹಳೆಯ ಫಿಯೆಟ್ಟಿನಲ್ಲಿ ನಾಲ್ಕೂ ಚಕ್ರಕ್ಕೆ ಹೋಗುವುದು ಒಂದೇ ಸರಣಿ. ಎಲ್ಲೇ ಒಂದು ಕಡೆ ಸೋರಿದರೂ ನಾಲ್ಕೂ ಹೋದಂತೆ. ಉಳಿಯುವುದು ಹ್ಯಾಂಡ್ ಬ್ರೇಕು ಮತ್ತು ಗೇರು.

ಆದ್ದರಿಂದ ಬ್ರೇಕಿನ ವಿಷಯದಲ್ಲಿ ‘ಚೆನ್ನಾಗಿಯೇ ಇದೆಯಲ್ಲ’ ಎಂಬ ಮಾತಿಗೆ ಜಾಗವಿಲ್ಲ. ಮಾಸ್ಟರ್ ಸಿಲಿಂಡರ್ ಬಿಚ್ಚಬೇಕು, ನಾಲ್ಕೂ ವೀಲ್ ಸಿಲಿಂಡರ್ ಬಿಚ್ಚಬೇಕು. ಒಳಗೋಡೆಯಲ್ಲಿ ತುಕ್ಕಿನ ಗುಳಿ ಇದ್ದರೆ ಹೊಸ ರಬ್ಬರ್ ಕಪ್ ಹಾಕಿದರೂ ಹೆಚ್ಚು ದಿನ ತಾಳದು, ಸಿಲಿಂಡರನ್ನೇ ಬದಲಿಸಬೇಕು. ಚಕ್ರದ ಹತ್ತಿರದ ರಬ್ಬರ್ ಹೋಸುಗಳನ್ನು ನೋಡದೆಯೇ ಹೊಸದಾಗಿಸಬೇಕು. ಹೊರಗೆ ನಯವಾಗಿ ಕಾಣುವ ಹೋಸ್ ಒಳಗೆ ಊದಿಕೊಂಡು, ಕಾಲಿಟ್ಟಾಗ ಆಯಿಲನ್ನು ಒಳಗೆ ಬಿಟ್ಟು, ಕಾಲು ತೆಗೆದಾಗ ವಾಪಸು ಬಿಡದೆ ಹಿಡಿದುಕೊಳ್ಳುತ್ತದೆ. ಆಗ ಆ ಚಕ್ರ ಬ್ರೇಕಿನಲ್ಲೇ ಓಡುತ್ತ ಕಾಯುತ್ತದೆ. ನನ್ನ ಕಾರಿನ ಮುಂದಿನ ಎಡ ಚಕ್ರದ ಹೋಸ್ ಹೀಗೇ ಆಗಿತ್ತು. ಬೆರಳಲ್ಲಿ ಬಗ್ಗಿಸಿದರೆ ಏನೂ ತಿಳಿಯುತ್ತಿರಲಿಲ್ಲ, ಕತ್ತರಿಸಿದಾಗ ರಂಧ್ರ ಸೂಜಿಯ ಕಣ್ಣಿನಷ್ಟಾಗಿತ್ತು. ಶೂಗಳಿಗೆ ಹೊಸ ಲೈನರ್ ಹಾಕಿಸುವಾಗ ಇನ್ನೊಂದು ಜಾಗ್ರತೆ: ಹಳೆಯ ಲೈನರ್‌ಗಳಲ್ಲಿ ಕಲ್ನಾರು ಇರುತ್ತಿತ್ತು. ಡ್ರಮ್ಮಿನೊಳಗಿನ ಪುಡಿಯನ್ನು ಏರ್ ಹೊಡೆದು ಹಾರಿಸುವುದು ಗ್ಯಾರೇಜುಗಳ ವಾಡಿಕೆ. ಅದು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ ಎಂದು ಎದುರು ನಿಂತು ಹೇಳಬೇಕು, ಕೆಲಸ ಮಾಡುವ ಹುಡುಗರ ಸಲುವಾಗಿಯಾದರೂ.

ಜಗತ್ತಿನ ಮೊದಲ ದೂರಪ್ರಯಾಣದ ಕಾರಿಗೂ ಕೈಕೊಟ್ಟದ್ದು ಬ್ರೇಕೇ. 1888ರ ಆಗಸ್ಟಿನಲ್ಲಿ ಜರ್ಮನಿಯ ಬೆರ್ತಾ ಬೆಂಜ್ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡನಿಗೂ ಹೇಳದೆ, ಅವನು ಕಟ್ಟಿದ ಮೂರು ಚಕ್ರದ ಮೋಟಾರಿನಲ್ಲಿ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ನೂರಕ್ಕೂ ಹೆಚ್ಚು ಕಿಲೊಮೀಟರ್ ಹೋದಳು. ಇಂಧನವನ್ನು ವೀಸ್‌ಲೋಕ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಕೊಂಡಳು. ಕಟ್ಟಿಕೊಂಡ ಇಂಧನದ ಕೊಳವೆಯನ್ನು ಟೋಪಿಯ ಪಿನ್ನಿನಿಂದ ಬಿಡಿಸಿದಳು. ಇಳಿಜಾರುಗಳಲ್ಲಿ ಮರದ ಬ್ರೇಕ್ ಸವೆದಾಗ ದಾರಿಯಲ್ಲಿ ಚಮ್ಮಾರನೊಬ್ಬನನ್ನು ಹುಡುಕಿ ಅದಕ್ಕೆ ತೊಗಲು ಹೊಡೆಸಿದಳು. ಬ್ರೇಕ್ ಲೈನರ್ ಎಂಬುದರ ಮೂಲ ಅಲ್ಲಿದೆ. ವಾಹನ ತಯಾರಿಸಿದವನಿಗೆ ಕಾರ್ಖಾನೆಯಲ್ಲಿ ಕಾಣದ್ದು ಅದನ್ನು ನಿಜವಾದ ರಸ್ತೆಗಿಳಿಸಿದ ಹೆಂಗಸಿಗೆ ಒಂದೇ ದಿನದಲ್ಲಿ ಕಂಡಿತು.

ಟೈರಿನ ಮಾತು ಚಿಕ್ಕದು. ಪದರ ಎಷ್ಟಿದೆ ಎಂದು ನೋಡುವುದಲ್ಲ, ಹುಟ್ಟಿದ ದಿನ ನೋಡಬೇಕು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. ಮೊದಲ ಎರಡು ವಾರ, ಮುಂದಿನ ಎರಡು ವರ್ಷ. 2312 ಎಂದಿದ್ದರೆ 2012ರ ಇಪ್ಪತ್ಮೂರನೇ ವಾರದ್ದು, ಎಷ್ಟೇ ಹೊಸದಾಗಿ ಕಂಡರೂ ತೆಗೆದುಹಾಕತಕ್ಕದ್ದು. ಸ್ಟೆಪ್ನಿಗೂ ಇದೇ ಮಾತು. ಮುಂದಿನ ಚಕ್ರಗಳ ಕಿಂಗ್‌ಪಿನ್, ಸ್ಟೇರಿಂಗ್ ಕೀಲುಗಳಿಗೆ ಗ್ರೀಸ್ ಹೊಡೆಯುವಾಗ ಹಳೆಯ ಗ್ರೀಸ್ ಪೂರ್ತಿ ಹೊರಬಂದು ಹೊಸದು ಕಾಣುವವರೆಗೂ ಹೊಡೆಯಬೇಕು. ನಿಂತ ಕಾರಿನಲ್ಲಿ ಹಳೆಯ ಗ್ರೀಸ್ ಮೇಣದಂತೆ ಗಟ್ಟಿಯಾಗಿ ದಾರಿ ಮುಚ್ಚಿರುತ್ತದೆ.

ಇಂದಿನ ಪೆಟ್ರೋಲ್, ಅಂದಿನ ರಬ್ಬರ್

ಈ ಕಾರು ವಿನ್ಯಾಸಗೊಂಡ ಕಾಲದ ಪೆಟ್ರೋಲ್ ಇವತ್ತು ಬಂಕಿನಲ್ಲಿ ಸಿಗುವುದಿಲ್ಲ. ಆಗ ಸೀಸ ಬೆರೆತಿರುತ್ತಿತ್ತು. 2000ದಲ್ಲಿ ಅದು ದೇಶದಾದ್ಯಂತ ನಿಂತಿತು, ನಮ್ಮ ಮಕ್ಕಳ ರಕ್ತಕ್ಕೆ ಅದು ಒಳ್ಳೆಯದೇ ಆಯಿತು. ಈಗ ಸಿಗುವುದು ಶೇಕಡಾ 20ರಷ್ಟು ಎಥನಾಲ್ ಬೆರೆತ ಇ20. ಹಳೆಯ ಕಾರಿನ ಮಟ್ಟಿಗೆ ಇದು ದೊಡ್ಡ ಬದಲಾವಣೆ. ಇದನ್ನು ಅರ್ಥಮಾಡಿಕೊಳ್ಳದೆ ಹೊರಟವರು ರಸ್ತೆ ಪಕ್ಕದಲ್ಲಿ ಕೂರಬೇಕಾಗುತ್ತದೆ.

ಎಥನಾಲ್ ಮೂರು ಕೆಲಸ ಮಾಡುತ್ತದೆ. ಅರ್ಧ ಶತಮಾನದ ಹಿಂದಿನ ರಬ್ಬರನ್ನು ಊದಿಸಿ, ಮೆತ್ತಗೆ ಮಾಡಿ, ಕೊನೆಗೆ ಕಪ್ಪು ಚೂರುಗಳಾಗಿ ಉದುರಿಸುತ್ತದೆ. ಆ ಚೂರು ಕಾರ್ಬ್ಯುರೇಟರಿನ ಜೆಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ಎರಡನೆಯದಾಗಿ ನೀರನ್ನು ಎಳೆದುಕೊಳ್ಳುತ್ತದೆ. ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಜೊತೆಗೂಡಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಇಂಜಿನಿಗೆ ಹೋಗುವ ಪೈಪು ಇರುವುದೂ ತಳದಲ್ಲೇ. ಮೂರನೆಯದಾಗಿ, ಹಳೆಯ ಪೆಟ್ರೋಲ್ ಆವಿಯಾಗಿ ಟ್ಯಾಂಕಿನ ಗೋಡೆಗೆ ಅಂಟಿದ ಕಂದು ಜಿಗುಟನ್ನು ಕರಗಿಸಿ ಮುಂದಕ್ಕೆ ಕಳಿಸುತ್ತದೆ. ಟ್ಯಾಂಕ್ ತೊಳೆದ ಹಾಗಾಯಿತಲ್ಲ ಎಂದು ಅನ್ನಿಸಬಹುದು. ಆದರೆ ಆ ಕೊಳೆಯೆಲ್ಲ ಬಂದು ಸೇರುವುದು ಫಿಲ್ಟರಿಗೆ.

ಹಾಗಾಗಿ ಟ್ಯಾಂಕನ್ನು ಕೆಳಗಿಳಿಸಿ ತೊಳೆಯಲೇಬೇಕು. ಕೆಲವರು ಒಳಗೆ ಸಣ್ಣ ಜಲ್ಲಿ, ಕೆಲವರು ಸೈಕಲ್ ಚೈನು ಹಾಕಿ ಕುಲುಕುತ್ತಾರೆ. ತುಕ್ಕು ಪುಡಿಯಾಗಿ ಬರುತ್ತದೆ. ಟ್ಯಾಂಕಿನಿಂದ ಕಾರ್ಬ್ಯುರೇಟರಿನವರೆಗೆ ಇರುವ ಪ್ರತಿಯೊಂದು ರಬ್ಬರ್ ತುಂಡನ್ನೂ ಎಥನಾಲ್ ತಾಳುವ ಹೊಸ ಪೈಪಿಗೆ ಬದಲಿಸಬೇಕು, ಹೊಸ ಕ್ಲಿಪ್ ಹಾಕಬೇಕು. ಬಿಸಿ ಸೈಲೆನ್ಸರಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಪೆಟ್ರೋಲ್ ಪಂಪಿನೊಳಗಿನ ಡಯಾಫ್ರಮ್ ಕೂಡ ರಬ್ಬರ್ ಬಟ್ಟೆಯದೇ. ಹೊಸದು ಹಾಕಿ, ಇನ್ನೊಂದು ಡಿಕ್ಕಿಯಲ್ಲಿಡಬೇಕು. ಪೈಪಿನ ನಡುವೆ ಒಳಗಿರುವುದು ಕಾಣುವಂಥ ಫಿಲ್ಟರ್ ಕೂಡಿಸಿದರೆ ಕಂಪನಿಯ ಮೂಲರೂಪ ಕೆಟ್ಟಿತೆಂದು ಶುದ್ಧವಾದಿಗಳು ಮುಖ ಸಿಂಡರಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಬಾನೆಟ್ಟಿನಡಿಯ ಆ ಪುಟ್ಟ ಫಿಲ್ಟರ್ ಕಾರಿಗೆ ಮಾಡುವ ಉಪಕಾರವೇ.

ಎಥನಾಲಿನಲ್ಲಿ ಲೀಟರೊಂದಕ್ಕೆ ಇರುವ ಶಕ್ತಿ ಪೆಟ್ರೋಲಿನ ಸುಮಾರು ಮೂರನೇ ಎರಡು ಭಾಗ. ಹೊಸ ಕಾರಿನ ಕಂಪ್ಯೂಟರ್ ಇದನ್ನು ತಾನೇ ಅಳೆದು ಹೆಚ್ಚು ಇಂಧನ ಬಿಡುತ್ತದೆ. ಕಾರ್ಬ್ಯುರೇಟರಿಗೆ ಆ ಬುದ್ಧಿಯಿಲ್ಲ, ರಂಧ್ರ ಎಷ್ಟಿದೆಯೋ ಅಷ್ಟೇ ಬಿಡುತ್ತದೆ. ಮಿಶ್ರಣದಲ್ಲಿ ಇಂಧನ ಸಾಲದೆ ಇಂಜಿನ್ ಹೆಚ್ಚು ಬಿಸಿಯಾಗುತ್ತದೆ, ಏರಿನಲ್ಲಿ ಉಸಿರುಕಟ್ಟುತ್ತದೆ. ಇದನ್ನು ತಿಳಿಯುವ ಹಳೆಯ ಉಪಾಯ ಸ್ಪಾರ್ಕ್ ಪ್ಲಗ್. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸಿ, ಪಕ್ಕಕ್ಕೆ ನಿಲ್ಲಿಸಿ, ಪ್ಲಗ್ ಬಿಚ್ಚಿ ನೋಡಬೇಕು. ತಿಳಿ ಕಂದು ಬಣ್ಣವಿದ್ದರೆ ಸರಿ. ಬೂದಿಯಂತೆ ಬೆಳ್ಳಗಿದ್ದರೆ ಇಂಧನ ಸಾಲದು, ಒಂದು ಅಳತೆ ದೊಡ್ಡ ಜೆಟ್ ಹಾಕಬೇಕು. ಮಸಿ ಹಿಡಿದಿದ್ದರೆ ಇಂಧನ ಹೆಚ್ಚಾಗಿದೆ. ಪ್ರಯಾಣ ಮುಗಿದ ಮೇಲೆ ಟ್ಯಾಂಕಿನಲ್ಲಿ ಇ20 ಬಿಟ್ಟು ತಿಂಗಳುಗಟ್ಟಲೆ ನಿಲ್ಲಿಸಬಾರದು ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ.

ಸೆಕೆ ಮತ್ತು ಕತ್ತಲೆ

ನಮ್ಮ ಬೋರ್‌ವೆಲ್ ನೀರು ರೇಡಿಯೇಟರಿಗೆ ಶತ್ರು. ದಶಕಗಳ ಕಾಲ ಬಕೆಟ್ಟಿನಿಂದ ಸುರಿದ ಗಡಸು ನೀರಿನ ಸುಣ್ಣ, ಇಂಜಿನ್‌ನ ಒಳಗಿನ ತುಕ್ಕು ಎರಡೂ ಸೇರಿ ರೇಡಿಯೇಟರಿನ ಸಪೂರ ಕೊಳವೆಗಳನ್ನು ಮುಚ್ಚಿರುತ್ತವೆ. ಹಳೆಯ ರೇಡಿಯೇಟರ್ ಹಿತ್ತಾಳೆ, ತಾಮ್ರದ್ದು. ಮೇಲಿನ ತೊಟ್ಟಿಯ ಬೆಸುಗೆ ಬಿಡಿಸಿ, ಒಂದೊಂದೇ ಕೊಳವೆಯಲ್ಲಿ ಕಡ್ಡಿ ಆಡಿಸಿ, ಮತ್ತೆ ಬೆಸೆಯಬಲ್ಲ ಕೈಗಳು ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಆಸುಪಾಸಿನಲ್ಲಿ ಇನ್ನೂ ಇವೆ. ಇಂಥ ಕೆಲಸಗಾರರು ಇರುವಾಗಲೇ ಅವರಲ್ಲಿ ಕೆಲಸ ಮಾಡಿಸಿಕೊಳ್ಳಬೇಕು, ಕೇಳಿದಷ್ಟು ಕೊಡಬೇಕು. ಶುದ್ಧ ಮಾಡಿದ ರೇಡಿಯೇಟರಿಗೆ ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್ ಬಿಟ್ಟರೆ ಬೇರೇನೂ ಹಾಕಬಾರದು. ಮುಚ್ಚಳದ ಸ್ಪ್ರಿಂಗ್ ಸಡಿಲವಾಗಿದ್ದರೆ ಒಳಗೆ ಒತ್ತಡ ನಿಲ್ಲದೆ ನೀರು ಬೇಗ ಕುದಿಯುತ್ತದೆ. ಚಿಲ್ಲರೆ ಖರ್ಚಿನ ವಸ್ತು, ಹೊಸದೇ ಇರಲಿ.

ಕೂಲಿಂಗ್ ಪರೀಕ್ಷೆಗೆ ಹೆದ್ದಾರಿಗಿಂತ ಬೆಂಗಳೂರಿನ ಟ್ರಾಫಿಕ್ಕೇ ಕಠಿಣ. ಫ್ಯಾನ್ ತಿರುಗುವುದು ಇಂಜಿನ್‌ನ ಬೆಲ್ಟಿನಿಂದ. ನಿಂತಲ್ಲೇ ನಿಂತಾಗ ಇಂಜಿನ್ ನಿಧಾನ, ಫ್ಯಾನೂ ನಿಧಾನ. ಏಪ್ರಿಲ್ ಮಧ್ಯಾಹ್ನ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿಯೂ ಮುಳ್ಳು ನಡುವೆಯೇ ನಿಂತಿದ್ದರೆ ಆ ಕಾರು ಹೊನ್ನಾವರದ ಸೆಕೆಗೆ ಹೆದರಬೇಕಿಲ್ಲ. ಇನ್ನು ಬಿಸಿಯಲ್ಲಿ ಪೆಟ್ರೋಲ್ ಪೈಪಿನೊಳಗೇ ಆವಿಯಾಗಿ ಪಂಪ್ ಎಳೆಯದೇ ಇರುವ ತೊಂದರೆ ಈ ಕಾಲದ ಕಾರುಗಳಿಗೆ ಉಂಟು. ಎಥನಾಲ್ ಬೆರೆತ ಮೇಲೆ ಅದು ಇನ್ನೂ ಸುಲಭವಾಗಿ ಬರುತ್ತದೆ. ಹಳೆಯ ಡ್ರೈವರುಗಳು ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ, ಟೀ ಕುಡಿದು ಬಂದು ಸೆಲ್ಫ್ ಹೊಡೆಯುತ್ತಿದ್ದರು. ಆ ಉಪಾಯ ಇವತ್ತಿಗೂ ನಡೆಯುತ್ತದೆ, ಒಂದು ಬಟ್ಟೆ ಮತ್ತು ನೀರಿನ ಬಾಟಲಿ ಮುಂದೆಯೇ ಇರಲಿ.

ವೈರಿಂಗ್ ವಿಷಯದಲ್ಲಿ ನನಗೆ ಖಚಿತವಾದ ನಿಲುವಿದೆ. ಇಲಿ ಕಡಿದ, ಟೇಪು ಸುತ್ತಿ ಸುತ್ತಿ ಉಳಿಸಿಕೊಂಡ ಹಳೆಯ ವೈರಿಂಗನ್ನು ಪೂರ್ತಿ ಕಿತ್ತು ಹೊಸದು ಎಳೆಸಬೇಕು. ಹಳೆಯ ಕಾರುಗಳು ರಸ್ತೆಯಲ್ಲಿ ಸುಟ್ಟುಹೋಗುವ ಕಾರಣಗಳಲ್ಲಿ ಪೆಟ್ರೋಲ್ ಸೋರಿಕೆಯ ಜೊತೆಗಾರ ಇದೇ. ಬ್ಯಾಟರಿಗೆ ಕಟ್-ಆಫ್ ಸ್ವಿಚ್ ಹಾಕಿಸಿ. ಬೆಂಕಿ ಆರಿಸುವ ಸಿಲಿಂಡರನ್ನು ಡಿಕ್ಕಿಯಲ್ಲಲ್ಲ, ಮುಂದಿನ ಸೀಟಿನ ಪಕ್ಕ, ಕೈ ಚಾಚಿದರೆ ಸಿಗುವಲ್ಲಿ ಇಡಿ. ಡೈನಮೊ ಇರುವ ಕಾರು ನಿಧಾನಗತಿಯಲ್ಲಿ ಸಾಕಷ್ಟು ಕರೆಂಟು ಹುಟ್ಟಿಸುವುದಿಲ್ಲ. ಮಳೆಯಲ್ಲಿ ವೈಪರ್, ಹೆಡ್‌ಲೈಟ್ ಎರಡೂ ಹಾಕಿದರೆ ಬ್ಯಾಟರಿ ಇಳಿಯುತ್ತ ಹೋಗುತ್ತದೆ. ಆದ್ದರಿಂದ ರಾತ್ರಿ ಪ್ರಯಾಣ ಬೇಡವೇ ಬೇಡ. ಆ ಹಳದಿ ಬೆಳಕಿನಲ್ಲಿ ಇವತ್ತಿನ ಲಾರಿಗಳ ಎಲ್‌ಇಡಿ ದೀಪಗಳನ್ನು ಎದುರಿಸುವುದು ಕಣ್ಣುಕಟ್ಟಿ ಓಡಿಸಿದ ಹಾಗೆಯೇ. ಆ ಕಾಲದ ಕಾರಿನಲ್ಲಿ ಸೀಟ್ ಬೆಲ್ಟ್ ಇರಲಿಲ್ಲ. ಹಾಕಿಸಬೇಕು. ಬರೀ ಸೀಟಿಗೆ ಬಿಗಿದರೆ ಪ್ರಯೋಜನವಿಲ್ಲ, ಚಾಸಿಗೆ ಬಲವಾದ ತಟ್ಟೆ ಕೊಟ್ಟು ಬಿಗಿಸಬೇಕು.

ಇಷ್ಟಾದ ಮೇಲೆ ಇಂಜಿನ್. ಬಹಳ ಕಾಲ ನಿಂತದ್ದನ್ನು ಸೀದಾ ಸೆಲ್ಫ್ ಹೊಡೆದು ತಿರುಗಿಸಬಾರದು. ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೂ ಸ್ವಲ್ಪ ಇಂಜಿನ್ ಆಯಿಲ್ ಬಿಟ್ಟು, ಒಂದು ದಿನ ನೆನೆಯಲು ಬಿಟ್ಟು, ಕೈಯಿಂದ ತಿರುಗಿಸಬೇಕು. ಅಂಟಿಕೊಂಡ ರಿಂಗ್ ಬಲವಂತಕ್ಕೆ ಮುರಿಯುತ್ತದೆ, ಎಣ್ಣೆಗೆ ಬಿಡುತ್ತದೆ. ಆಮೇಲೆ ಕಂಪ್ರೆಷನ್ ನೋಡಿ, ಟ್ಯಾಪೆಟ್ ಸರಿಮಾಡಿ, 20ಡಬ್ಲ್ಯು-50 ಆಯಿಲ್ ತುಂಬಿದರೆ ಈ ಇಂಜಿನ್ ಹೆಚ್ಚೇನೂ ಕೇಳುವುದಿಲ್ಲ. ಗೇರ್‌ಬಾಕ್ಸಿಗೆ ಮಾತ್ರ ಕೈಗೆ ಸಿಕ್ಕ ಎಣ್ಣೆ ಹಾಕಬೇಡಿ. ಜಿಎಲ್-5 ದರ್ಜೆಯ ಕೆಲವು ಎಣ್ಣೆಗಳಲ್ಲಿರುವ ಗಂಧಕದ ಅಂಶ ಗೇರಿನ ಒಳಗಿನ ಹಿತ್ತಾಳೆ ಉಂಗುರಗಳನ್ನು ತಿನ್ನುತ್ತದೆ, ಜಿಎಲ್-4 ಕೇಳಿ ತನ್ನಿ.

ಓಡಿಸಿ ನೋಡುವ ಕಾಲ

ಎಲ್ಲ ಕೆಲಸ ಒಟ್ಟಿಗೆ ಮುಗಿಸಿ ಮಾರನೆಯ ದಿನ ದೂರ ಹೊರಡುವುದು ಅವಿವೇಕ. ಬಿಚ್ಚಿ ಜೋಡಿಸಿದ ಪ್ರತಿ ವಸ್ತುವೂ ಒಂದಿಷ್ಟು ಓಡಿದ ಮೇಲೆ ಕೂರುತ್ತದೆ, ಸಡಿಲವಾಗುತ್ತದೆ, ಸೋರುತ್ತದೆ. ಮೊದಲು ಮನೆಯ ಸುತ್ತಲ ರಸ್ತೆಗಳು, ಆಮೇಲೆ ಬೆಳಗಿನ ಹೊತ್ತು ತುಮಕೂರಿನವರೆಗೆ. ಅಲ್ಲಿಂದ ದೇವರಾಯನದುರ್ಗದ ಬೆಟ್ಟ ಹತ್ತಿ ಇಳಿದರೆ ಘಟ್ಟದ ಸಣ್ಣ ತಾಲೀಮು ಆದಂತೆ. ಪ್ರತಿ ಸಲ ಮರಳಿದ ಮೇಲೂ ನಟ್ಟು ಬಿಗಿ ನೋಡಬೇಕು, ನೆಲದ ಮೇಲೆ ಕಾಗದ ಹಾಸಿಟ್ಟು ಬೆಳಿಗ್ಗೆ ಯಾವ ಬಣ್ಣದ ತೊಟ್ಟು ಬಿದ್ದಿದೆ ನೋಡಬೇಕು.

ಭಾಯ್ ಕಲಿಸಿದ ಇನ್ನೊಂದು ಅಭ್ಯಾಸವನ್ನು ಎಲ್ಲರೂ ಕಲಿಯಬೇಕು. ಎಲ್ಲಿ ನಿಂತರೂ, ಟೀ ಹೇಳುವ ಮೊದಲು, ಕಾರಿನ ಸುತ್ತ ಒಂದು ಸುತ್ತು ಬಂದು ನಾಲ್ಕೂ ಚಕ್ರದ ನಡುಭಾಗದ ಹತ್ತಿರ ಅಂಗೈ ಹಿಂಭಾಗ ಹಿಡಿಯುವುದು. ನಾಲ್ಕೂ ಒಂದೇ ಸಮ ಬೆಚ್ಚಗಿರಬೇಕು. ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿಯುತ್ತಿದೆ, ಇಲ್ಲವೇ ಬೇರಿಂಗ್ ಹೋಗುತ್ತಿದೆ. ಒಂದು ನಿಮಿಷದ ಈ ಕೆಲಸ ನಡುದಾರಿಯ ದೊಡ್ಡ ಅನಾಹುತವನ್ನು ಗಂಟೆ ಮೊದಲೇ ಹೇಳಿಬಿಡುತ್ತದೆ.

ಬಿಡಿಭಾಗಗಳದ್ದು ಬೇರೆಯೇ ಚಿಂತೆ. ಪದ್ಮಿನಿಯ ತಯಾರಿ ಹೊಸ ಶತಮಾನದ ಹೊಸ್ತಿಲಲ್ಲೇ ನಿಂತಿತು. ಆಮೇಲೂ ಭಾಗಗಳು ಧಾರಾಳವಾಗಿ ಸಿಗುತ್ತಿದ್ದುದು ಮುಂಬೈಯ ಕಪ್ಪು ಹಳದಿ ಟ್ಯಾಕ್ಸಿಗಳ ದೆಸೆಯಿಂದ. ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್ ಕೊನೆಯಲ್ಲಿ ರಸ್ತೆಯಿಂದ ಇಳಿಯಿತು. ಬೇಡಿಕೆ ಇಲ್ಲದ ಮೇಲೆ ಯಾರು ತಯಾರಿಸುತ್ತಾರೆ? ಅಂಗಡಿಗಳಲ್ಲಿ ಉಳಿದಿರುವ ದಾಸ್ತಾನೇ ಈಗ ಆಸ್ತಿ. ಕಂಪನಿಯ ಹಳೆಯ ಡಬ್ಬಿಯಲ್ಲಿರುವ ವಸ್ತು ಕಂಡರೆ ಬೇಕಿಲ್ಲದಿದ್ದರೂ ಕೊಂಡಿಡುವುದು ಒಳ್ಳೆಯದು, ಮುಖ್ಯವಾಗಿ ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಮತ್ತು ಕಂಡೆನ್ಸರ್. ಈಗ ಬರುವ ಅಗ್ಗದ ಕಂಡೆನ್ಸರುಗಳ ಮೇಲೆ ನನಗೆ ನಂಬಿಕೆ ಇಲ್ಲ. ಡಿಕ್ಕಿಯಲ್ಲಿ ಇವೆರಡರ ಜೊತೆಗೆ ಕಾಯಿಲ್, ಫ್ಯಾನ್ ಬೆಲ್ಟ್, ಮೇಲಿನ ಕೆಳಗಿನ ರೇಡಿಯೇಟರ್ ಹೋಸ್, ಬ್ರೇಕ್ ಆಯಿಲ್, ವೀಲ್ ಸಿಲಿಂಡರ್ ಕಿಟ್, ಫ್ಯೂಸು, ಒಂದಿಷ್ಟು ವೈರು, ಟಾರ್ಚು, ಚಕ್ರಕ್ಕೆ ಅಡ್ಡ ಕೊಡಲು ಎರಡು ಮರದ ತುಂಡು ಇದ್ದರೆ ಸಾಕು. ಒಂದು ಬಾರ್ ಸೋಪೂ ಇರಲಿ. ಪೆಟ್ರೋಲ್ ಟ್ಯಾಂಕಿನಲ್ಲಿ ಸಣ್ಣ ತೂತಾದರೆ ಒಣ ಸೋಪನ್ನು ಉಜ್ಜಿ ತುಂಬಿದರೆ ಮುಂದಿನ ಊರಿನವರೆಗೆ ತಡೆಯುತ್ತದೆ, ಪೆಟ್ರೋಲಿಗೆ ಸೋಪು ಕರಗುವುದಿಲ್ಲ.

ಬಣ್ಣದ ಕೆಲಸವನ್ನು ನಾನು ಮುಟ್ಟಿಲ್ಲ. ಬಾಗಿಲಿನ ಕೆಳಗೆ ಬಣ್ಣ ಸುಲಿದಿದೆ, ಬಂಪರಿನ ಒಂದು ಮೂಲೆ ಮಾಸಿದೆ. ಕಂಡವರೆಲ್ಲ ಮೊದಲು ಹೇಳುವುದು ‘ಪೇಂಟ್ ಹೊಡೆಸಿಬಿಡಿ’ ಎಂದೇ. ಆದರೆ ಪೇಂಟಿಗೆ ಹೋಗುವ ಹಣದಲ್ಲಿ ಬ್ರೇಕು, ಟೈರು, ವೈರಿಂಗ್ ಮೂರರ ದೊಡ್ಡ ಪಾಲು ಮುಗಿಯುತ್ತದೆ. ಜೊತೆಗೆ ಕುರ್ಲಾದ ಕಾರ್ಖಾನೆಯಲ್ಲಿ ಹೊಡೆದ ಬಣ್ಣ ಒಮ್ಮೆ ಕೆರೆದರೆ ಮತ್ತೆ ಬರುವುದಿಲ್ಲ. ತುಕ್ಕು ಹಬ್ಬದಂತೆ ತಡೆದರೆ ಸಾಕು.

ಹೊರಡುವ ಕಾಲ ನವೆಂಬರ್. ಮಳೆಗಾಲದಲ್ಲಿ ಶಿರಾಡಿಯಲ್ಲಿ ದೋಣಿಗಲ್ ಬಳಿ ಗುಡ್ಡ ಕುಸಿದು ದಾರಿ ಬಂದ್ ಆಗುವುದು ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಆಗಿದೆ. ಆಗುಂಬೆಯ ಹದಿನಾಲ್ಕು ತಿರುವುಗಳ ಚೆಲುವು ಶಿರಾಡಿಗಿಲ್ಲ, ಲಾರಿಗಳ ಸಾಲೂ ಹೆಚ್ಚು. ಆದರೆ ಇಳಿಜಾರು ಅಷ್ಟು ಕಡಿದಲ್ಲ, ತಿರುವುಗಳು ಅಗಲ. ಡ್ರಮ್ ಬ್ರೇಕಿನ ಕಾರಿಗೆ ಮೊದಲ ಘಟ್ಟವಾಗಿ ಇದೇ ವಾಸಿ. ಮೊದಲ ದಿನ ಸಕಲೇಶಪುರದಲ್ಲೇ ಉಳಿದು, ಮಾರನೆಯ ಬೆಳಿಗ್ಗೆ ತಣ್ಣಗಿನ ಡ್ರಮ್ಮಿನೊಂದಿಗೆ ಇಳಿಯುವುದು. ಯಾವ ಗೇರಿನಲ್ಲಿ ಹತ್ತಬೇಕಾಗುತ್ತಿತ್ತೋ ಅದೇ ಗೇರಿನಲ್ಲಿ ಇಳಿಯುವುದು, ಪೆಡಲ್ ಮೇಲೆ ಸದಾ ಕಾಲಿಡದೆ, ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಪೂರ್ತಿ ಬಿಟ್ಟು, ಡ್ರಮ್ ಆರಲು ಬಿಡುವುದು. ಹಿಂದಿನ ಲಾರಿ ಹಾರ್ನ್ ಹೊಡೆದರೆ ಜಾಗ ಸಿಕ್ಕಲ್ಲಿ ಪಕ್ಕಕ್ಕೆ ಸರಿದು ಬಿಟ್ಟುಕೊಡುವುದು. ಗುಂಡ್ಯದಲ್ಲಿ ನಿಲ್ಲಿಸಿ ನಾಲ್ಕೂ ಚಕ್ರ ಮುಟ್ಟಿ ನೋಡುವುದು. ಅಲ್ಲಿಂದ ಕಡಲವರೆಗೆ ರಸ್ತೆ ಸಲೀಸು. ಗಂಟೆಗೆ 60 ಕಿಲೊಮೀಟರಿಗಿಂತ ಜೋರು ಹೋಗುವ ಯೋಚನೆ ಇಲ್ಲ.